ಕಮಾನು ಪಟ್ಟಿಯಿಂದ ಕತ್ತಿ: ಹಿತ್ತಿಲ ಕುಲುಮೆಯಲ್ಲಿ ಹದ ಹಿಡಿಯುವ ಬಗೆ

ಹವ್ಯಾಸಕ್ಕೆ ಕಮ್ಮಾರಿಕೆ ಮಾಡುವವರು ಸೇರಿದರೆ ಮಾತು ಸುತ್ತಿಗೆ, ಅಡಿಗಲ್ಲಿನ (ಕಾದ ಉಕ್ಕನ್ನು ಇಟ್ಟು ಬಡಿಯುವ ಗಟ್ಟಿ ಆಸರೆ) ಸುತ್ತಲೇ ತಿರುಗುತ್ತದೆ. ಹದದ, ಅಂದರೆ ಉಕ್ಕನ್ನು ಕಾಯಿಸಿ ತಣಿಸಿ ಬೇಕಾದಷ್ಟು ಗಟ್ಟಿ ಮಾಡುವ ವಿಷಯ ಬಂದಾಗ ಮಾತ್ರ ‘ಕೆಂಪಗೆ ಕಾಯಿಸಿ ಎಣ್ಣೆಗೆ ಹಾಕಿ’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಯಾವ ಉಕ್ಕು, ಎಷ್ಟು ಕೆಂಪು, ಯಾವ ಎಣ್ಣೆ, ಎಷ್ಟು ಲೀಟರು ಅನ್ನುವುದು ಇಲ್ಲದಿದ್ದರೆ ಆ ಸಾಲಿನಿಂದ ಯಾರಿಗೂ ಪ್ರಯೋಜನವಿಲ್ಲ. ತೆಂಗಿನ ಮಟ್ಟೆ, ಸೌದೆ ಕಡಿಯುವ ಸಾಧಾರಣ ಮನೆಗತ್ತಿಯೊಂದನ್ನು ನಾನು ಮಾಡುವ ಕ್ರಮವನ್ನು ಅಂಕಿಗಳ ಸಮೇತ ಬರೆದಿದ್ದೇನೆ.

ಉಕ್ಕಿಗೆ ನನ್ನ ಮೊದಲ ಆಯ್ಕೆ ಟೆಂಪೋ, ಜೀಪುಗಳ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್). ಲಾರಿಯ ದಪ್ಪ ಪಟ್ಟಿಯನ್ನು ಒಬ್ಬರೇ ಕೈಸುತ್ತಿಗೆಯಲ್ಲಿ ತೆಳ್ಳಗೆ ಮಾಡಲು ಹೋದರೆ ಭುಜ ಉಳಿಯುವುದಿಲ್ಲ. ನಮ್ಮ ಗುಜರಿಗಳಲ್ಲಿ ಸಿಗುವ ಪಟ್ಟಿಗಳಲ್ಲಿ ಸಿಲಿಕಾನ್ ಹೆಚ್ಚಿರುವ ಇಎನ್-45 ದರ್ಜೆಯ ಉಕ್ಕು ಇರಬಹುದು, ಕ್ರೋಮಿಯಂ ಇರುವ ಎಸ್‌ಯುಪಿ-9 ಇರಬಹುದು. ಎರಡರಲ್ಲೂ ಇಂಗಾಲ ಸುಮಾರು 0.5ರಿಂದ 0.6 ಶೇಕಡಾ, ಎರಡೂ ಎಣ್ಣೆಯಲ್ಲೇ ಗಟ್ಟಿಯಾಗುತ್ತವೆ. ಟಿಎಂಟಿ ಸರಳಿನಲ್ಲಿ ಇಂಗಾಲ ಸಾಲದು, ಏನೇ ಮಾಡಿದರೂ ಕತ್ತಿಯ ಬಾಯಿ, ಅಂದರೆ ಹರಿತದ ಅಂಚು, ನಿಲ್ಲುವುದಿಲ್ಲ. ಆದರೆ ಇಕ್ಕಳ ಮಾಡಲು ಅದೇ ಸಾಕು. ಸತುವು ಲೇಪಿಸಿದ ಜಿಐ ಪೈಪನ್ನು ಕುಲುಮೆಯ ಹತ್ತಿರಕ್ಕೂ ತರಬೇಡಿ. ಅದರ ಸತುವು 907 ಡಿಗ್ರಿಗೆ ಕುದಿಯುತ್ತದೆ, ಅದರ ಬಿಳಿ ಹೊಗೆ ಕುಡಿದರೆ ಅವತ್ತು ರಾತ್ರಿ ಚಳಿಜ್ವರ ಖಂಡಿತ.

ಹಳೆಯ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಮಧ್ಯದ ಬೋಲ್ಟಿನ ತೂತಿನ ಆಚೀಚೆ ಎರಡೆರಡು ಇಂಚು ಬಿಟ್ಟುಬಿಡಿ. ಉಳಿದದ್ದನ್ನು ಗ್ರೈಂಡರಿನಲ್ಲಿ ಹೊಳಪು ಮಾಡಿ, ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಪುಡಿ ಉದುರಿಸಿದರೆ ಬಿರುಕಿದ್ದಲ್ಲಿ ಎಣ್ಣೆ ಜಿನುಗಿ ಗೆರೆ ಮೂಡುತ್ತದೆ. 60 ಮಿ.ಮೀ. ಅಗಲ, 8 ಮಿ.ಮೀ. ದಪ್ಪದ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಸೀಳಿ, 210 ಮಿ.ಮೀ. ಉದ್ದ ತೆಗೆದುಕೊಂಡರೆ ತೂಕ 400 ಗ್ರಾಮಿನ ಹತ್ತಿರ ಬರುತ್ತದೆ. ಬೆಂಕಿಯಲ್ಲಿ ಸಿಪ್ಪೆಯಾಗಿ ಉದುರುವುದು, ಸಾಣೆಯಲ್ಲಿ ಹೋಗುವುದು ಎಲ್ಲ ಕಳೆದು, ಹಿಡಿಯೊಳಗೆ ಹೋಗುವ ಬಾಲ ಸೇರಿ 320–330 ಗ್ರಾಂ ಉಳಿಯುತ್ತದೆ. ಮನೆಗತ್ತಿಗೆ ಅಷ್ಟು ಬೇಕಾದಷ್ಟಾಯಿತು.

ಅಡಿಗಲ್ಲಿಗೆ ರೈಲು ಹಳಿಯ ತುಂಡು ಹುಡುಕುವವರೇ ಹೆಚ್ಚು. ಬಿಲ್ಲಿಲ್ಲದೆ ಅದನ್ನು ಮನೆಯಲ್ಲಿಟ್ಟುಕೊಂಡರೆ 1966ರ ರೈಲ್ವೆ ಆಸ್ತಿ ಕಾಯ್ದೆಯಡಿ ತಲೆನೋವು ಬರಬಹುದು. ಅದಕ್ಕಿಂತ ಒಳ್ಳೆಯದು ಕಲ್ಲು ಕ್ವಾರಿಗಳಲ್ಲಿ ಸವೆದು ಬಿದ್ದ, ಬಂಡೆ ಒಡೆಯುವ ಯಂತ್ರದ ಬ್ರೇಕರ್ ಉಳಿ. 120 ಮಿ.ಮೀ. ವ್ಯಾಸದ, ಅರ್ಧ ಮೀಟರ್ ಉದ್ದದ ತುಂಡು 44 ಕಿಲೋ ತೂಗುತ್ತದೆ. ಅದನ್ನು ನೇರ ನಿಲ್ಲಿಸಿ, ಮರದ ಬೊಡ್ಡೆಯಲ್ಲಿ ಅರ್ಧ ಹೂತು, ಸುತ್ತ ಮರಳು ಗಿಡಿಯಿರಿ. ಮುಖ ಸಣ್ಣದಾದರೂ ಏಟಿನ ಕೆಳಗೆ ಇಡೀ ತೂಕ ನಿಂತಿರುವುದರಿಂದ ಅಡ್ಡ ಮಲಗಿಸಿದ ಹಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಎತ್ತರ, ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದರೆ ಗೆಣ್ಣು ತಾಗುವಷ್ಟು. ಸುತ್ತಿಗೆ ಒಂದು ಕಿಲೋದ್ದು ಸಾಕು. ಅಂಗಡಿಯಿಂದ ತಂದ ಸುತ್ತಿಗೆಯ ಮುಖದ ಅಂಚುಗಳನ್ನು ಮೊದಲು ಉಜ್ಜಿ ದುಂಡಗೆ ಮಾಡಿ, ಇಲ್ಲದಿದ್ದರೆ ಪ್ರತಿ ಏಟೂ ಅರ್ಧಚಂದ್ರದ ಗಾಯ ಬಿಡುತ್ತದೆ.

ಕುಲುಮೆಗೆ ಲಾರಿಯ ಬ್ರೇಕ್ ಡ್ರಮ್ಮು, ಕೆಳಗಿನಿಂದ ಎರಡಿಂಚಿನ ಕಪ್ಪು ಎಂಎಸ್ ಪೈಪು, ಬೂದಿ ಉದುರಲು ಟಿ ಜೋಡಣೆಯ ತಳಕ್ಕೊಂದು ಮುಚ್ಚಳ. ತಿದಿಯ ಬದಲು 12 ವೋಲ್ಟಿನ ಬ್ಲೋವರ್. ಗಾಳಿ ಹೆಚ್ಚುಕಡಿಮೆ ಮಾಡಲು ಪೈಪಿಗೊಂದು ಜಾರುವ ತಗಡು ಇರಲೇಬೇಕು. ಗಾಳಿ ತಡೆಯಿಲ್ಲದೆ ನುಗ್ಗುವ ಕುಲುಮೆಯಲ್ಲಿ ಉಕ್ಕು ಕಾಯುವುದಕ್ಕಿಂತ ಸುಡುವುದೇ ಜಾಸ್ತಿ. ಇದ್ದಿಲನ್ನು ಅಡಿಕೆಗಿಂತ ದೊಡ್ಡದು, ನಿಂಬೆಗಿಂತ ಚಿಕ್ಕದಾಗಿ ಒಡೆದು, ಗಾಳಿಯ ಬಾಯಿಯ ಮೇಲೆ ಕನಿಷ್ಠ 12–15 ಸೆಂ.ಮೀ. ಪೇರಿಸಿ, ಕೆಲಸದ ತುಂಡನ್ನು ಆ ರಾಶಿಯ ನಡುವೆ ಇಡಿ. ಗಾಳಿಯ ಬಾಯಿಗೆ ಹತ್ತಿರ ಇಳಿದಷ್ಟೂ ಸಿಪ್ಪೆ ಏಳುವುದು, ಇಂಗಾಲ ಹೋಗುವುದು ಎರಡೂ ಹೆಚ್ಚು.

ಬಡಿಯುವುದು ಕಿತ್ತಳೆ ಹಳದಿಯಿಂದ ಸಾಧಾರಣ ಕೆಂಪಿನವರೆಗೆ, ಅಂದರೆ ಸುಮಾರು 1100ರಿಂದ 900 ಡಿಗ್ರಿಯೊಳಗೆ. ಬಣ್ಣ ಇಳಿದ ಮೇಲೂ ‘ಇನ್ನೊಂದು ಏಟು’ ಅಂತ ಹೊಡೆದರೆ ಬಾಯಿಯಲ್ಲಿ ಬಿರುಕು ಬೀಳುತ್ತದೆ. ನಕ್ಷತ್ರಕಡ್ಡಿಯಂತೆ ಕಿಡಿ ಸಿಡಿದರೆ ಉಕ್ಕು ಸುಟ್ಟಿದೆ. ಆ ಭಾಗ ಕತ್ತರಿಸಿ ಎಸೆಯಬೇಕು, ರಿಪೇರಿ ಇಲ್ಲ. ಮುಂದೆ ಬಾಗಿದ ಮೂತಿಯ ಕತ್ತಿಯಲ್ಲಿ ಒಂದು ಸೂಕ್ಷ್ಮವಿದೆ. ಬಾಯಿ ತೆಳ್ಳಗಾಗುತ್ತ ಉದ್ದವಾಗುವುದರಿಂದ ಬಾಗು ತಾನಾಗಿ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಬಾಯಿ ಬಡಿಯುವ ಮೊದಲೇ ಬೇಕಾದ್ದಕ್ಕಿಂತ ಹೆಚ್ಚು ಬಗ್ಗಿಸಿಟ್ಟಿರಬೇಕು. ಬೆನ್ನು ಹಿಡಿಯ ಹತ್ತಿರ 6 ಮಿ.ಮೀ., ಮೂತಿಯಲ್ಲಿ 4 ಮಿ.ಮೀ. ಬಾಯಿಯನ್ನು 1.5 ಮಿ.ಮೀ.ಗಿಂತ ತೆಳ್ಳಗೆ ಮಾಡಬೇಡಿ. ಅದಕ್ಕಿಂತ ತೆಳುವಾದರೆ ಎಣ್ಣೆಗಿಳಿದಾಗ ಅಲೆಅಲೆಯಾಗಿ ಸೊಟ್ಟಗಾಗುತ್ತದೆ.

ಇನ್ನು ಹದ. ಮೊದಲು ನಾರ್ಮಲೈಸಿಂಗ್: ಅಯಸ್ಕಾಂತ ಹಿಡಿಯದಷ್ಟು ಕಾಯಿಸಿ, ಗಾಳಿಯಲ್ಲಿ ನೇತುಹಾಕಿ ಕಪ್ಪಾಗುವವರೆಗೆ ತಣಿಯಲು ಬಿಡಿ. ಹೀಗೆ ಮೂರು ಸಲ, ಪ್ರತಿ ಸಲವೂ ಕಾವು ಸ್ವಲ್ಪ ಕಡಿಮೆ ಮಾಡುತ್ತ. ಬಡಿಯುವಾಗ ಒರಟಾದ ಉಕ್ಕಿನೊಳಗಿನ ಕಣ ಇದರಿಂದ ಸಣ್ಣದಾಗುತ್ತದೆ, ಒಳಗಿನ ಬಿಗಿತ ಸಡಿಲವಾಗುತ್ತದೆ. ಹಳೆಯ ಸ್ಪೀಕರಿನ ಫೆರೈಟ್ ಅಯಸ್ಕಾಂತವನ್ನು ತಂತಿಗೆ ಕಟ್ಟಿ ಇಟ್ಟುಕೊಳ್ಳಿ. ಈಗಿನ ಪುಟ್ಟ ನಿಯೋಡಿಮಿಯಂ ಅಯಸ್ಕಾಂತ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ.

‘ಅಯಸ್ಕಾಂತ ಬಿಟ್ಟ ಕೂಡಲೇ ಎಣ್ಣೆಗೆ ಹಾಕಿ’ ಅನ್ನುವ ಸಲಹೆ ಬಾಯಿಂದ ಬಾಯಿಗೆ ಹೋಗುತ್ತಲೇ ಇದೆ. ಕಮಾನು ಪಟ್ಟಿಯ ಮಟ್ಟಿಗೆ ಇದು ಅರ್ಧ ಸತ್ಯ. ಅಯಸ್ಕಾಂತ ಬಿಡುವುದು 770 ಡಿಗ್ರಿ ಆಸುಪಾಸಿನಲ್ಲಿ. ಕ್ರೋಮಿಯಂ ಪಟ್ಟಿಗೆ 830–850, ಸಿಲಿಕಾನ್ ಪಟ್ಟಿಗೆ 870ರವರೆಗೂ ಬೇಕು. ನಡುವಿನ ಅಂತರವನ್ನು ತೋರಿಸಿಕೊಡಲು ಅಡುಗೆಮನೆಯ ಉಪ್ಪಿದೆ: ಅದು ಕರಗುವುದು 801 ಡಿಗ್ರಿಗೆ. ಅದೇ ಪಟ್ಟಿಯ ಪರೀಕ್ಷೆಯ ತುಂಡಿನ ಮೇಲೆ ಚಿಟಿಕೆ ಉಪ್ಪು ಉದುರಿಸಿ, ಅದು ಒದ್ದೆ ಗಾಜಿನಂತೆ ಹರಡಿದಾಗಿನ ಬಣ್ಣ ನೋಡಿಟ್ಟುಕೊಳ್ಳಿ. ಅದಕ್ಕಿಂತ ಒಂದು ಛಾಯೆ ಮೇಲಿನದು ನಿಮಗೆ ಬೇಕಾದ ಬಣ್ಣ.

ಈ ಬಣ್ಣವನ್ನು ಫೋಟೋ ತೆಗೆದು ಕಳಿಸುವವರಿದ್ದಾರೆ. ಮೊಬೈಲ್ ಕ್ಯಾಮೆರಾ ಬೆಳಕನ್ನು ತನಗೆ ಬೇಕಾದಂತೆ ತಿದ್ದುತ್ತದೆ, 750 ಡಿಗ್ರಿಯ ಉಕ್ಕೂ ಅದರಲ್ಲಿ ಕಿತ್ತಳೆಯಾಗಿ ಹೊಳೆಯಬಹುದು. ಕಣ್ಣೂ ಹಾಗೆಯೇ: ಬಿಸಿಲಿನಲ್ಲಿ ಮಂಕು ಕೆಂಪಾಗಿ ಕಂಡದ್ದು ನೆರಳಲ್ಲಿ ಉರಿಗೆಂಪು. ಊರ ಕಮ್ಮಾರರ ಕುಲುಮೆ ಅಷ್ಟು ಕತ್ತಲಾಗಿರುವುದಕ್ಕೆ ಬಡತನವೊಂದೇ ಕಾರಣವಲ್ಲ. ಅವಕಾಶ ಸಿಕ್ಕರೆ ಅಲ್ಲಿ ಕೂತು, ಕತ್ತಿ ಬೆಂಕಿಯಿಂದ ಎದ್ದ ಕ್ಷಣದ ಬಣ್ಣ ನೋಡಿಕೊಂಡು ಬನ್ನಿ.

ಬಣ್ಣಕ್ಕಿಂತ ನಂಬಲರ್ಹವಾದದ್ದು ಮುರಿದ ತುಂಡು. ಒಂದೇ ಪಟ್ಟಿಯಿಂದ 10×60 ಮಿ.ಮೀ.ನ ಮೂರು ಕಡ್ಡಿ ಕತ್ತರಿಸಿ, ಒಂದನ್ನು ಅಯಸ್ಕಾಂತ ಬಿಟ್ಟ ಕೂಡಲೇ, ಇನ್ನೊಂದನ್ನು ಉಪ್ಪು ಕರಗಿದ ಮೇಲಿನ ಛಾಯೆಯಲ್ಲಿ, ಮತ್ತೊಂದನ್ನು ಬೇಕೆಂದೇ ಹಳದಿಯಾಗುವಷ್ಟು ಕಾಯಿಸಿ ಎಣ್ಣೆಗಿಳಿಸಿ. ಬಟ್ಟೆ ಸುತ್ತಿ, ಕನ್ನಡಕ ಹಾಕಿ, ವೈಸಿನಲ್ಲಿ ಹಿಡಿದು ಒಡೆಯಿರಿ. ಮೊದಲನೆಯದು ಬಾಗಿ ಒಡೆದರೆ ಕಾವು ಸಾಲಲಿಲ್ಲ. ಎರಡನೆಯದರ ಒಡೆದ ಮುಖ ಬೂದುಬಣ್ಣದಲ್ಲಿ ನುಣ್ಣಗಿರಬೇಕು. ಮೂರನೆಯದರಲ್ಲಿ ಸಕ್ಕರೆಯ ಹರಳು ಮಿನುಗುತ್ತದೆ. ಬೇರೆಯವರ ಜೊತೆ ಹಂಚಿಕೊಳ್ಳಬೇಕಾದದ್ದು ಈ ಮೂರು ಮುಖಗಳ ಚಿತ್ರ. ಜೊತೆಗೆ ಪಟ್ಟಿ ಯಾವ ಗಾಡಿಯದು, ಎಷ್ಟು ದಪ್ಪ, ಯಾವ ಎಣ್ಣೆ ಎಂಬುದನ್ನೂ ಬರೆದರೆ ಓದಿದವರು ಅದನ್ನು ತಮ್ಮ ಹಿತ್ತಿಲಲ್ಲಿ ಮಾಡಿ ನೋಡಬಹುದು.

ಎಣ್ಣೆಗೆ ಶೇಂಗಾ ಅಥವಾ ಸಾಸಿವೆ ಎಣ್ಣೆ, 5 ಲೀಟರ್, 50–60 ಡಿಗ್ರಿಗೆ ಬೆಚ್ಚಗೆ ಮಾಡಿ. ತಣ್ಣಗಿನ ಎಣ್ಣೆ ಮಂದವಾಗಿದ್ದು ಕಾವನ್ನು ನಿಧಾನವಾಗಿ ಎಳೆಯುತ್ತದೆ. ನಾಲ್ಕುನೂರು ಗ್ರಾಮಿನ ಕತ್ತಿ ಇಳಿದರೆ ಐದು ಲೀಟರ್ ಎಣ್ಣೆ ಇಪ್ಪತ್ತೈದು ಡಿಗ್ರಿಯಷ್ಟು ಏರುತ್ತದೆ. ಎರಡೇ ಲೀಟರ್ ಇಟ್ಟರೆ ಏರಿಕೆ ಅರವತ್ತು ದಾಟಿ ಬೆಂಕಿ ಹತ್ತುವ ಅಪಾಯ ಹೆಚ್ಚುತ್ತದೆ. ಪಾತ್ರೆ ಲೋಹದ್ದೇ ಆಗಿರಲಿ, ಮುಚ್ಚಳ ಕೈಗೆಟಕುವಂತಿರಲಿ. ಹಳೆಯ ಎಂಜಿನ್ ಆಯಿಲ್ ಬೇಡ, ಅದರ ಹೊಗೆ ವಿಷ. ನೀರಂತೂ ಈ ಉಕ್ಕನ್ನು ಸೀಳಿಬಿಡುತ್ತದೆ. ಬರೀ ಬಾಯನ್ನು ನೀರಿಗದ್ದಿ, ಬೆನ್ನಿನಲ್ಲಿ ಉಳಿದ ಕಾವಿನಿಂದಲೇ ಬಾಯಿಗೆ ಬಣ್ಣ ಓಡಿಸಿ ಪೆಡಸು ತಗ್ಗಿಸುವ ಹಳೆಯ ಪದ್ಧತಿ ಪಳಗಿದ ಕಣ್ಣಿಗೆ ಮಾತ್ರ.

ಕತ್ತಿಯನ್ನು ಬಾಯಿ ಕೆಳಗಾಗಿ ನೇರ ಇಳಿಸಿ, ಮುಂದೆ ಹಿಂದೆ ಮಾತ್ರ ಆಡಿಸಿ. ಅಕ್ಕಪಕ್ಕ ಆಡಿಸಿದರೆ ಒಂದು ಮೈ ಬೇಗ ತಣಿದು ಡೊಂಕಾಗುತ್ತದೆ. ಹತ್ತು ಹನ್ನೆರಡು ಸೆಕೆಂಡಿಗೆ ಮೇಲೆತ್ತಿದಾಗ ಡೊಂಕು ಕಂಡರೆ, ಉಕ್ಕು ಇನ್ನೂ ಬಿಸಿಯಿರುವ ಆ ಸ್ವಲ್ಪ ಹೊತ್ತಿನಲ್ಲೇ ದಪ್ಪ ಕೈಗವಸಿನಲ್ಲಿ ಒತ್ತಿ ನೇರ ಮಾಡಬಹುದು. ಪೂರ್ತಿ ತಣಿದ ಮೇಲೆ ಸುತ್ತಿಗೆ ಮುಟ್ಟಿಸಿದರೆ ಗಾಜಿನಂತೆ ಒಡೆಯುತ್ತದೆ.

ಅರ ಇಟ್ಟು ನೋಡಿ. ಕಚ್ಚದೆ ಜಾರಿದರೆ ಗಟ್ಟಿಯಾಗಿದೆ. ಕಚ್ಚಿದರೆ ಗಾಬರಿ ಬೇಡ, ಮೇಲ್ಪದರದ ಇಂಗಾಲ ಸುಟ್ಟುಹೋಗಿರಬಹುದು. ಕಾಲು ಮಿ.ಮೀ. ಉಜ್ಜಿ ಮತ್ತೆ ನೋಡಿ. ಆಗಲೂ ಕಚ್ಚಿದರೆ ಹದ ಕೂತಿಲ್ಲ, ನಾರ್ಮಲೈಸಿಂಗ್‌ನಿಂದ ಮತ್ತೆ ಶುರು.

ಗಟ್ಟಿಯಾದ ಕತ್ತಿಯನ್ನು ‘ನಾಳೆ ನೋಡೋಣ’ ಅಂತ ಇಡಬೇಡಿ, ಇಟ್ಟಲ್ಲೇ ಬಿರಿಯಬಹುದು. ಪೆಡಸು ತಗ್ಗಲು, ಸೋಪಿನಲ್ಲಿ ತೊಳೆದು ಓವನ್ನಿನಲ್ಲಿ 230–250 ಡಿಗ್ರಿಗೆ ಒಂದು ಗಂಟೆ, ತಣಿಸಿ ಮತ್ತೆ ಒಂದು ಗಂಟೆ. ಓವನ್ನಿನ ತಿರುಗುಗುಂಡಿ ಇಪ್ಪತ್ತು ಮೂವತ್ತು ಡಿಗ್ರಿ ಸುಳ್ಳು ಹೇಳುವುದುಂಟು, ಮಲ್ಟಿಮೀಟರಿನ ಥರ್ಮೋಕಪಲ್ ಒಳಗಿಟ್ಟರೆ ಗೊತ್ತಾಗುತ್ತದೆ. ಹೊಳಪು ಮಾಡಿದ ಜಾಗ ಒಣಹುಲ್ಲಿನ ಬಣ್ಣ ದಾಟಿ ಕಂಚಿನ ಬಣ್ಣಕ್ಕೆ ಬರಬೇಕು. ಆಮೇಲೆ ಬಾಯನ್ನು ನೀರಿನ ತಟ್ಟೆಯಲ್ಲಿ ಮುಳುಗಿಸಿಟ್ಟು, ಬೆನ್ನಿಗೆ ಮಾತ್ರ ಗ್ಯಾಸ್ ಟಾರ್ಚ್ ಹಿಡಿದು ನೀಲಿ ಬರಿಸಿದರೆ, ಕಡಿಯುವಾಗಿನ ಏಟನ್ನು ಬೆನ್ನು ತಾಳಿಕೊಳ್ಳುತ್ತದೆ.

ಸಾಣೆ ಒಂದೊಂದು ಕಡೆಗೆ 20–25 ಡಿಗ್ರಿ. ಸಾಣೆ ಹಿಡಿಯುವಾಗ ಬಾಯಿ ನೀಲಿಯಾದರೆ ಅಷ್ಟೂ ಹದ ಹೋಯಿತೆಂದೇ ಲೆಕ್ಕ, ಬಕೆಟ್ ನೀರು ಪಕ್ಕದಲ್ಲಿರಲಿ. ಒಣ ಬಿದಿರಿನ ಗಿಣ್ಣಿಗೆ ಹತ್ತಿಪ್ಪತ್ತು ಏಟು ಹಾಕಿ ಬಾಯಿ ನೋಡಿ. ಚೂರು ಹಾರಿದ್ದರೆ 15 ಡಿಗ್ರಿ ಮೇಲೆ ಇನ್ನೊಂದು ಗಂಟೆ ಓವನ್ನಿಗೆ. ಬಾಯಿ ಮಡಚಿದ್ದರೆ ಮೊದಲು ಸಾಣೆಯ ಕೋನ ಹೆಚ್ಚಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ಮತ್ತೆ ಕುಲುಮೆ ಹೊತ್ತಿಸಿ.