ನಿಂಬೆ ಗಿಡಕ್ಕೆ ರಂಗೋಲಿ ಹುಳು: ಎಲೆ ಕೀಳಬೇಡಿ, ಚಿಗುರು ಕಾಯಿರಿ

ನಿಂಬೆಯ ಎಳೆ ಎಲೆ ಮೇಲೆ ಬಸವನಹುಳು ಹರಿದಾಡಿದ ಹಾಗೆ ಬೆಳ್ಳಿ ಗೀರು ಕಾಣಿಸುತ್ತಿದೆಯಾ? ಬೆರಳಿನಿಂದ ಒರೆಸಿ ನೋಡಿ. ಹೋಗುವುದಿಲ್ಲ. ಗೀರು ಇರುವುದು ಎಲೆಯ ತೆಳು ಪೊರೆಯ ಒಳಗೆ. ಅದನ್ನು ಕೊರೆದದ್ದೇ ರಂಗೋಲಿ ಹುಳು.

ಈಗ ಎಲೆಯನ್ನು ಬೆಳಕಿಗೆ ಹಿಡಿಯಿರಿ. ಗೀರಿನ ನಡುವೆ ಕಪ್ಪು ದಾರದಂಥ ಎಳೆ ಇದ್ದರೆ ಅದು ಹುಳುವಿನ ಹಿಕ್ಕೆ. ಗೀರು ಮುಗಿಯುವ ತುದಿಯಲ್ಲಿ ತಿಳಿ ಹಳದಿ ಮರಿಹುಳು ಸಿಗಬಹುದು. ಎಲೆಯ ಅಂಚು ಮಡಚಿಕೊಂಡಿದ್ದರೆ ಉಗುರಿನಿಂದ ಮೆಲ್ಲಗೆ ಬಿಡಿಸಿ, ಹುಳು ಪತಂಗವಾಗುವ ಮುನ್ನ ಕಟ್ಟಿಕೊಳ್ಳುವ ಕೋಶ ಅಲ್ಲಿರುತ್ತದೆ. ಸಸ್ಯಹೇನಿನ ಕಾಟಕ್ಕೂ ಎಲೆ ಮುರುಟುತ್ತದೆ, ಆದರೆ ಈ ಗೀರು ಇರುವುದಿಲ್ಲ.

ಇದರ ತಾಯಿ ಒಂದು ಪುಟ್ಟ ಪತಂಗ. ರೆಕ್ಕೆ ಬಿಚ್ಚಿದರೂ 5 ಮಿ.ಮೀ. ದಾಟುವುದು ಅಪರೂಪ. ರಾತ್ರಿ ಬಂದು ಎಳೆ ಚಿಗುರಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ಬಲಿತ ಎಲೆಯ ತಂಟೆಗೆ ಬರುವುದಿಲ್ಲ. ನಾವು ಹಿಡಿಯಬೇಕಾದ ಜಾಡು ಇದೇ. ಬೆಚ್ಚಗಿನ ದಿನಗಳಲ್ಲಿ ಎರಡು ಮೂರು ವಾರಕ್ಕೇ ಹೊಸ ಪೀಳಿಗೆ ತಯಾರಾಗುತ್ತದೆ.

ಸೊಟ್ಟಗಾದ ಎಲೆ ಕಂಡರೆ ಕತ್ತರಿ ಹಿಡಿಯಲು ಕೈ ತುರಿಸುತ್ತದೆ, ಅಲ್ವಾ? ಬೇಡ. ಆ ಎಲೆಯ ಹಸಿರು ಭಾಗ ಇನ್ನೂ ಗಿಡಕ್ಕೆ ಊಟ ಕೊಡುತ್ತಿರುತ್ತದೆ. ಕತ್ತರಿಸಿದರೆ ಹೊಸ ಚಿಗುರು ಬರುತ್ತದೆ, ಪತಂಗಕ್ಕೆ ಬೇಕಾಗಿರುವುದೂ ಅದೇ. ಬುಡದಿಂದ ಎದ್ದ ನೀರುಚಿಗುರು ಮಾತ್ರ ತೆಗೆಯಿರಿ. ಯೂರಿಯಾವನ್ನು ಜಾಸ್ತಿ ಸುರಿಯಬೇಡಿ, ಅದರಿಂದಲೂ ಚಿಗುರು ಎಡೆಬಿಡದೆ ಬರುತ್ತದೆ.

ನಾಲ್ಕು ವರ್ಷ ದಾಟಿದ ಗಿಡವಾದರೆ ಸಾಮಾನ್ಯವಾಗಿ ಸುಮ್ನೆ ಬಿಡುವುದೇ ಒಳ್ಳೆಯದು. ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಅದನ್ನು ಮುಗಿಸುವ ಸಣ್ಣ ಕಣಜಗಳಿವೆ. ಕಡು ಕೀಟನಾಶಕ ಹೊಡೆದರೆ ಮೊದಲು ಸಾಯುವುದು ಅವೇ.

ಎಳೆ ಸಸಿಯ ಮಾತು ಬೇರೆ. ಅದಕ್ಕಿರುವುದೇ ನಾಲ್ಕು ಎಲೆ. ಎಲೆ, ಕಾಯಿಯ ಮೇಲೆ ಒರಟು ಕಲೆ ಮೂಡಿಸುವ ಕಜ್ಜಿ ರೋಗ ಇರುವ ಕಡೆ ಇನ್ನೂ ಎಚ್ಚರ ಬೇಕು, ಹುಳು ಕೊರೆದ ಗಾಯದಿಂದ ರೋಗಾಣು ಸಲೀಸಾಗಿ ಒಳಗೆ ನುಗ್ಗುತ್ತದೆ. ಚಿಗುರು ಮೂಡಿದ ಕೂಡಲೇ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ಎಲೆಯ ಅಡಿಭಾಗವೂ ನೆನೆಯಬೇಕು. ಎಲೆ ಬಲಿಯುವವರೆಗೆ ವಾರಕ್ಕೊಮ್ಮೆ ಮಾಡಿದರೆ ಸಾಕು. ಸುಡು ಬಿಸಿಲಿನಲ್ಲಿ ಹೊಡೆದರೆ ಎಲೆ ಸುಟ್ಟೀತು. ಗೀರು ಮೂಡಿದ ಎಲೆ ಮತ್ತೆ ನೇರವಾಗುವುದಿಲ್ಲ. ಮದ್ದು ಕೆಲಸ ಮಾಡಿತೇ ಎಂದು ನೋಡಬೇಕಾದರೆ ಮುಂದಿನ ಚಿಗುರನ್ನು ನೋಡಿ.