ಕನ್ನಡದಲ್ಲೇ ಹೋಲಿಸಿದೆವು, ಡಬಲ್ ಹೆಸರುಗಳು ಸಿಕ್ಕವು

ವೋಟರ್ ಲಿಸ್ಟಿನ ಕೆಲಸ ಮಾಡಿದವರಿಗೆ ಇದು ಗೊತ್ತೇ ಇರುತ್ತೆ. ಹೆಸರು ಸೇರಿಸುವುದು ಸುಲಭ. ಎರಡು ಕಡೆ ಹೆಸರಿರುವ ಒಬ್ಬರನ್ನು ಹುಡುಕಿ ತೆಗೆಯುವುದೇ ಕಷ್ಟ. ಒಂದು ಕ್ಷೇತ್ರದ ಒಳಗಾದರೆ ಹೇಗೋ ನಡೆಯುತ್ತೆ. ರಾಜ್ಯದ 224 ಕ್ಷೇತ್ರಗಳ ಪಟ್ಟಿಯನ್ನು ಒಂದೇ ಕಡೆ ಹಾಕಿ ಹುಡುಕುತ್ತೇವೆ ಅಂದಾಗ, ಆಗೋ ಮಾತಲ್ಲ ಅಂದವರೇ ಜಾಸ್ತಿ. ಇಂಗ್ಲಿಷಿಗೆ ತಿರುಗಿಸಿದರೆ ಒಂದಿಷ್ಟು ಸಿಗಬಹುದು, ಕನ್ನಡದಲ್ಲಂತೂ ಬೇಡವೇ ಬೇಡ ಅಂದರು. ನಾವು ಕನ್ನಡದಲ್ಲೇ ಮಾಡಿದೆವು, ಆಯಿತು. ಹೇಗಾಯಿತು, ಎಷ್ಟು ದುಡ್ಡು ಹೋಯಿತು ಅನ್ನುವುದನ್ನು ನೆನಪಿದ್ದಷ್ಟು ಬರೆಯುತ್ತೇನೆ. ಅಂಕಿಗಳು ಸ್ವಲ್ಪ ಆಚೀಚೆ ಇರಬಹುದು.

ನಮ್ಮದು ರಾಜಾಜಿನಗರದಲ್ಲಿ ಮಹಡಿ ಮೇಲಿನ ಎರಡು ರೂಮು. ಎಸ್.ಪಿ. ರೋಡಿನಿಂದ ತಂದ 12 ಕಂಪ್ಯೂಟರು, ಒಂದು ಹಳೇ ಯುಪಿಎಸ್. 2000ದ ಆಸುಪಾಸು ಅದು. ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಬರುತ್ತಿದ್ದವು. ಪಹಣಿ ಕನ್ನಡದಲ್ಲಿ ಬರುತ್ತೆ ಅಂದಮೇಲೆ ವೋಟರ್ ಲಿಸ್ಟ್ ಯಾಕೆ ಬರಬಾರದು ಅನ್ನುವ ಧೈರ್ಯ ನನಗೆ ಅಲ್ಲಿಂದಲೇ ಬಂತು. ದೊಡ್ಡ ಗುತ್ತಿಗೆದಾರರೊಬ್ಬರ ಕೈಕೆಳಗೆ ನಮಗೆ ಡೇಟಾ ಎಂಟ್ರಿ ಸಿಕ್ಕಿತು. ಹೆಸರಿಗೆ 45 ಪೈಸೆ. ಹೆಸರು ಅಂದರೆ ಪೂರ್ತಿ ಸಾಲು: ಮನೆ ನಂಬರು, ಹೆಸರು, ತಂದೆ ಅಥವಾ ಗಂಡನ ಹೆಸರು, ಲಿಂಗ, ವಯಸ್ಸು. ಆಪರೇಟರಿಗೆ ಸಾಲಿಗೆ 18 ಪೈಸೆ ಕೊಡುತ್ತಿದ್ದೆ. ಕೈ ಓಡುವ ಹುಡುಗಿ ದಿನಕ್ಕೆ 700 ಸಾಲು ಹೊಡೆಯುತ್ತಿದ್ದಳು.

ತಪ್ಪು ಕಡಿಮೆಯಾಗಲಿ ಅಂತ ಒಂದೇ ಪಟ್ಟಿಯನ್ನು ಇಬ್ಬರ ಕೈಲಿ ಹೊಡೆಸಿ ತಾಳೆ ನೋಡುವ ಪದ್ಧತಿ ಶುರು ಮಾಡಿದೆ. ಎರಡನೇ ಸಲದ ದುಡ್ಡು ಯಾರೂ ಕೊಡಲಿಲ್ಲ. 45ರಲ್ಲಿ 36 ಪೈಸೆ ಕೂಲಿಗೇ ಹೋಯಿತು. ಉಳಿದ 9 ಪೈಸೆಯಲ್ಲಿ ಬಾಡಿಗೆ, ಕರೆಂಟು, ಪೇಪರು. ಮೊದಲ ವರ್ಷ ಮನೆಯವಳ ಬಳೆ, ಸರ ಎರಡೂ ಅಡ ಇಟ್ಟೆ. ಗುತ್ತಿಗೆದಾರರು ಬಿಲ್ಲು ಕೊಟ್ಟಿದ್ದು 14 ತಿಂಗಳ ಮೇಲೆ, ಅದರಲ್ಲೂ ತಪ್ಪಿನ ಲೆಕ್ಕ ಹೇಳಿ ನೂರಕ್ಕೆ ಹತ್ತು ಮುರಿದುಕೊಂಡರು. ನಮ್ಮ ತಪ್ಪು ಅಷ್ಟಿರಲಿಲ್ಲ. ತೋರಿಸಲು ಕೈಯಲ್ಲಿ ದಾಖಲೆ ಇರಲಿಲ್ಲ. ಅವತ್ತಿಂದ ಪ್ರತಿಯೊಂದು ತಪ್ಪನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರು ಮಾಡಿದೆ. ಮುಂದೆ ನಮ್ಮ ಕೈ ಹಿಡಿದಿದ್ದು ಆ ನೋಟ್‌ಬುಕ್ಕೇ.

ಎರಡು ಸಲ ಹೊಡೆಸುವುದು ದುಬಾರಿ ಅಂತ ಆಮೇಲೆ ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಸ್ಕ್ರೀನ್ ನೋಡುವುದು ಅಂತ ಬದಲಾಯಿಸಿದೆವು. ತಪ್ಪುಗಳಲ್ಲಿ ಮೂರು ಜಾತಿ ಇವೆ ಅಂತ ಆಗ ಗೊತ್ತಾಯಿತು. ಒಂದು ಕಿವಿ ತಪ್ಪು. ಹನುಮಂತ ಹೋಗಿ ಅನುಮಂತ ಆಗುವುದು, ಶಂಕರ ಹೋಗಿ ಸಂಕರ ಆಗುವುದು. ಮನೆ ಬಾಗಿಲಲ್ಲಿ ಹೆಸರು ಕೇಳಿ ಬರೆದುಕೊಂಡವರ ಹಂತದಲ್ಲೇ ಇದು ಆಗಿರುತ್ತೆ. ಇನ್ನೊಂದು ಕಣ್ಣು ತಪ್ಪು. ಮಸುಕಾದ ಹಳೇ ಪ್ರಿಂಟಿನಲ್ಲಿ ಪ ಮತ್ತು ಷ, ಘ ಮತ್ತು ಫ, ವ ಮತ್ತು ಮ ಒಂದೇ ತರ ಕಾಣುತ್ತವೆ. ಮೂರನೆಯದು ಕೈ ತಪ್ಪು. ನಮ್ಮ ಕೀಲಿಮಣೆಯಲ್ಲಿ ತ ಒತ್ತುವ ಕೀಲಿಯನ್ನೇ ಶಿಫ್ಟ್ ಜೊತೆ ಒತ್ತಿದರೆ ಥ. ಲ ಮತ್ತು ಳ, ನ ಮತ್ತು ಣ ಕೂಡ ಹಾಗೇ. ಸಂಜೆ ಹೊತ್ತಿಗೆ ಬೆರಳು ಸೋತು ಶಿಫ್ಟ್ ತಪ್ಪುತ್ತೆ, ಮಂಜುನಾಥ ಹೋಗಿ ಮಂಜುನಾತ ಆಗುತ್ತಾನೆ. ಸಂಜೆ ನಾಲ್ಕರ ಮೇಲೆ ಹೊಡೆದ ಸಾಲುಗಳಲ್ಲಿ ಕೈ ತಪ್ಪು ಬೆಳಗ್ಗೆಗಿಂತ ಎರಡು ಪಟ್ಟು ಇರುತ್ತಿತ್ತು. ನಾಲ್ಕಕ್ಕೆ ಕಾಫಿ, ಹತ್ತು ನಿಮಿಷ ಬಿಡುವು ಅಂತ ಮಾಡಿದೆ. ಅದರ ಖರ್ಚು ಒಂದೇ ವಾರದಲ್ಲಿ ವಾಪಸ್ ಬಂತು.

ಇಷ್ಟರಲ್ಲಿ ಡಬಲ್ ಹೆಸರು ಹುಡುಕುವ ಮಾತು ಬಂತು. ಎಲ್ಲರೂ ಹೇಳಿದ್ದು ಒಂದೇ: ಹೆಸರನ್ನು ಇಂಗ್ಲಿಷಿಗೆ ತಿರುಗಿಸಿ, ಸೌಂಡೆಕ್ಸ್ ಓಡಿಸಿ. ಸೌಂಡೆಕ್ಸ್ ಅಂದರೆ ಉಚ್ಚಾರಣೆ ಹತ್ತಿರವಿರುವ ಹೆಸರುಗಳನ್ನು ಒಂದು ಗುಂಪು ಮಾಡುವ ವಿಧಾನ, ಅಮೆರಿಕದಲ್ಲಿ 1918ರಲ್ಲಿ ಪೇಟೆಂಟ್ ಆದದ್ದು, ಅಲ್ಲಿನ ಹೆಸರುಗಳಿಗೆ ಅಂತ ಮಾಡಿದ್ದು. ಮೊದಲ ಅಕ್ಷರ ಹಾಗೇ ಇಟ್ಟುಕೊಂಡು, ಸ್ವರಗಳನ್ನು ಬಿಟ್ಟು, ಮೂರು ಅಂಕಿ ಕೊಡುತ್ತೆ. ನಮ್ಮ ಹೆಸರುಗಳನ್ನು ಹಾಕಿ ನೋಡಿದೆ. ಮಂಜುನಾಥ, ಮಂಜಮ್ಮ, ಮಂಗಮ್ಮ ಮೂವರಿಗೂ ಎಂ525! ಅದೇ ಹನುಮಂತ ಮತ್ತು ಅನುಮಂತ ಬೇರೆ ಬೇರೆ, ಮೊದಲ ಅಕ್ಷರ ಒಂದು ಕಡೆ ಎಚ್, ಇನ್ನೊಂದು ಕಡೆ ಎ. ಈಶ್ವರನನ್ನು ಒಬ್ಬರು ಐ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಇ ಹಾಕಿ, ಅಲ್ಲಿಗೆ ಅವರೂ ಬೇರೆ. ಸೇರಬೇಕಾದವರು ಸೇರಲಿಲ್ಲ, ಸೇರಬಾರದವರು ಸೇರಿದರು. ನಮ್ಮ ಪರೀಕ್ಷೆಯಲ್ಲಿ ಯಂತ್ರ ತೋರಿಸಿದ 100 ಜೋಡಿಗಳಲ್ಲಿ ನಿಜವಾದ ಡಬಲ್ 30 ಕೂಡ ಇರಲಿಲ್ಲ.

ಆಗ ಆ ನೋಟ್‌ಬುಕ್ ತೆರೆದೆ. ಕಿವಿ, ಕಣ್ಣು, ಕೈ ಎಲ್ಲಿ ತಪ್ಪುತ್ತೆ ಅಂತ ನಮಗೆ ಗೊತ್ತಿದೆಯಲ್ವಾ? ಹಾಗಾದರೆ ಕನ್ನಡದ ಅಕ್ಷರಗಳನ್ನೇ ಆ ಪ್ರಕಾರ ಗುಂಪು ಮಾಡಿದರಾಯಿತು. ಮಹಾಪ್ರಾಣವನ್ನೆಲ್ಲ ಅಲ್ಪಪ್ರಾಣಕ್ಕೆ ಇಳಿಸಿದೆ. ಶ, ಷ, ಸ ಒಂದೇ ಗುಂಪು. ಳ, ಲ ಒಂದು. ಮೊದಲಿನ ಹಕಾರ ಬಿಟ್ಟೆ. ದೀರ್ಘ ಸ್ವರಕ್ಕೆ ಹ್ರಸ್ವ. ಕೊನೆಯ ಅಕ್ಷರ ಅರ್ಧ ಇರಲಿ ಪೂರ್ತಿ ಇರಲಿ ಒಂದೇ, ಮಂಜುನಾಥ್ ಮತ್ತು ಮಂಜುನಾಥ ಸೇರಬೇಕಲ್ಲ. ಒತ್ತಕ್ಷರ ಇದ್ದರೂ ಇಲ್ಲದಿದ್ದರೂ ಒಂದೇ. ಆದರೆ ಕೊನೆಯ ಅಪ್ಪ, ಅಮ್ಮ, ಅಯ್ಯಗಳನ್ನು ಮುಟ್ಟಲಿಲ್ಲ. ಇನಿಶಿಯಲ್ಲು ಹಿಂದೆ ಇರಲಿ ಮುಂದೆ ಇರಲಿ ಬೇರೆ ಮಾಡಿ ಇಟ್ಟೆ. ಮೊಹಮ್ಮದ್, ಮಹಮ್ಮದ್, ಮಹಮದ್, ಎಂಡಿ ಇವಕ್ಕೆ ಪ್ರತ್ಯೇಕ ಪಟ್ಟಿ. ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರು, ಸ್ವಂತ ಹೆಸರು, ತಂದೆ ಹೆಸರು ಮೂರೂ ಒಂದೇ ಸಾಲಿನಲ್ಲಿ ಬರುತ್ತವೆ, ಒಂದೊಂದು ಪಟ್ಟಿಯಲ್ಲಿ ಒಂದೊಂದು ಕ್ರಮದಲ್ಲಿ. ಅಲ್ಲಿ ಪದಗಳನ್ನು ಬಿಡಿಸಿ, ಕ್ರಮ ಮರೆತು, ಹೋಲಿಸಬೇಕು. ಯಾವ ಬದಲಾವಣೆಗೆ ಎಷ್ಟು ತೂಕ ಅನ್ನುವ ಕೋಷ್ಟಕವನ್ನು ಇಲ್ಲಿ ಕೊಡುವುದಿಲ್ಲ, ಅದು ನಮ್ಮ ಹೊಟ್ಟೆಪಾಡು. ಆದರೆ ನೀವೂ ಆರು ತಿಂಗಳು ತಪ್ಪು ಬರೆದಿಟ್ಟರೆ ನಿಮ್ಮ ಕೋಷ್ಟಕ ತಾನಾಗಿಯೇ ಬರುತ್ತೆ.

ಫಾಂಟಿನ ಕಷ್ಟ ಬೇರೆ. ಒಂದು ಜಿಲ್ಲೆಯ ಡೇಟಾ ನುಡಿಯಲ್ಲಿ, ಇನ್ನೊಂದು ಬರಹದಲ್ಲಿ, ಮತ್ತೊಂದು ಶ್ರೀಲಿಪಿಯಲ್ಲಿ. ಹಳೇ ನುಡಿ ಡೇಟಾದಲ್ಲಿ ಅರ್ಕಾವತ್ತು ಕಾಣುವ ಜಾಗದಲ್ಲೇ ಇರುತ್ತೆ, ಅಂದರೆ ಧರ್ಮ ಅನ್ನುವಲ್ಲಿ ಮ ಆದಮೇಲೆ. ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ, ತರುವಾಗ ಅದನ್ನು ಎತ್ತಿ ಮ ಬರುವ ಮೊದಲೇ ಇಡಬೇಕು. ನಮ್ಮ ಮೊದಲ ಪ್ರೋಗ್ರಾಂ ಅದನ್ನು ಮಾಡಲಿಲ್ಲ. ಎರಡು ಜಿಲ್ಲೆಯ ಧರ್ಮಪ್ಪ, ಪಾರ್ವತಮ್ಮ, ಕೀರ್ತಿ ಎಲ್ಲರೂ ಕೆಟ್ಟು ಕೂತರು, ವಾಪಸ್ ಮೊದಲಿನಿಂದ ಮಾಡಿದೆವು. ಎರಡು ತಿಂಗಳು, ಸುಮಾರು 60 ಸಾವಿರ ರೂಪಾಯಿ ನಷ್ಟ. ಯೂನಿಕೋಡಿಗೆ ಬಂದ ಮೇಲೂ ಸುಖವಿಲ್ಲ. ಒಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತ ಸೇರಿಸಿಯೂ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ. ರಾಜ್‌ಕುಮಾರ್ ಅನ್ನುವ ಹೆಸರಿನ ಮಧ್ಯೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತೆ, ಜ್ ಕೆಳಗೆ ಕ ಒತ್ತಾಗದಿರಲಿ ಅಂತ. ಒಬ್ಬರು ಅದನ್ನು ಹಾಕಿರುತ್ತಾರೆ, ಇನ್ನೊಬ್ಬರು ಜ್ ಆದಮೇಲೆ ಖಾಲಿ ಜಾಗ ಬಿಟ್ಟಿರುತ್ತಾರೆ. ಹೋಲಿಸುವ ಮೊದಲು ಇದನ್ನೆಲ್ಲ ಒಂದೇ ರೂಪಕ್ಕೆ ತನ್ನಿ. ಹೊಸಬರಲ್ಲಿ ತುಂಬ ಜನ ಇಲ್ಲೇ ಮುಗ್ಗರಿಸುತ್ತಾರೆ.

ಇನ್ನು ವೇಗದ ಮಾತು. 2008ರ ಹೊತ್ತಿಗೆ ರಾಜ್ಯದಲ್ಲಿ ಸುಮಾರು 4 ಕೋಟಿ ಮತದಾರರು. ಎಲ್ಲರನ್ನೂ ಎಲ್ಲರ ಜೊತೆ ಹೋಲಿಸಿದರೆ 8 ಕೋಟಿ ಕೋಟಿ ಜೋಡಿ. ಸೆಕೆಂಡಿಗೆ 10 ಲಕ್ಷ ಜೋಡಿ ನೋಡಿದರೂ 25 ವರ್ಷ ಬೇಕು. ಹಾಗಾಗಿ ಜರಡಿ ಹಿಡಿಯಬೇಕು, ಅಂದರೆ ಒಂದೇ ಕೀ ಇರುವವರನ್ನಷ್ಟೇ ಹೋಲಿಸಬೇಕು. ಕೀ ಅಂದರೆ ಮೇಲೆ ಹೇಳಿದ ಹಾಗೆ ಅಕ್ಷರಗಳನ್ನು ಗುಂಪು ಮಾಡಿ ಇಳಿಸಿದ ಹೆಸರು. ಹೆಸರಿನ ಕೀ ಮತ್ತು ತಂದೆ ಅಥವಾ ಗಂಡನ ಹೆಸರಿನ ಕೀ ಸೇರಿಸಿ ಒಂದು ಜರಡಿ, ತಂದೆ ಅಥವಾ ಗಂಡನ ಹೆಸರು ಮತ್ತು ವಯಸ್ಸು ಸೇರಿಸಿ ಇನ್ನೊಂದು. ಮೊದಲ ಸಲ ಡೇಟಾಬೇಸಿನ ಒಳಗೇ ಮಾಡಲು ಹೋಗಿ 11ನೇ ದಿನ ಕರೆಂಟು ಹೋಯಿತು, ಯುಪಿಎಸ್ ಕೈಕೊಟ್ಟಿತು, ಮಧ್ಯದಲ್ಲಿ ಎಲ್ಲೂ ಉಳಿಸಿರಲಿಲ್ಲ. ಅಷ್ಟೂ ದಿನ ನೀರಿನಲ್ಲಿ ಹೋಮ. ಆಮೇಲೆ ಡೇಟಾಬೇಸ್ ಬಿಟ್ಟು, ಸುಮ್ನೆ ಟೆಕ್ಸ್ಟ್ ಫೈಲುಗಳನ್ನು ಕೀ ಪ್ರಕಾರ ಸಾರ್ಟ್ ಮಾಡಿ ಅಕ್ಕಪಕ್ಕದ ಸಾಲುಗಳನ್ನಷ್ಟೇ ನೋಡಿದೆವು. ಒಂದು ರಾತ್ರಿ, ಮರುದಿನ ಮಧ್ಯಾಹ್ನದೊಳಗೆ ಇಡೀ ರಾಜ್ಯ ಮುಗಿಯಿತು. ದೊಡ್ಡ ಸರ್ವರ್ ಇಲ್ಲದೆ ಆಗಲ್ಲ ಅಂದಿದ್ದವರಿಗೆ ನಾನು ತೋರಿಸಿದ್ದು 38 ಸಾವಿರದ ಒಂದು ಮಾಮೂಲಿ ಮೆಷಿನ್ನು.

ಮದುವೆಯಾಗಿ ಹೋದ ಹೆಣ್ಣುಮಕ್ಕಳದು ಎಲ್ಲಕ್ಕಿಂತ ಕಷ್ಟ. ತವರಿನಲ್ಲಿ ತಂದೆ ಹೆಸರಿನ ಜೊತೆ ಇರುತ್ತಾರೆ, ಗಂಡನ ಮನೆಯಲ್ಲಿ ಗಂಡನ ಹೆಸರಿನ ಜೊತೆ. ಎರಡೂ ಜರಡಿಯಲ್ಲಿ ಜಾರಿ ಹೋಗುತ್ತಾರೆ. ಅವರಿಗೆ ಅಂತಲೇ ಮೂರನೇ ಜರಡಿ ಮಾಡಿದ್ದೇವೆ. ಪೂರ್ತಿ ಹೇಳುವುದಿಲ್ಲ, ಸುಳಿವು ಕೊಡುತ್ತೇನೆ: ಆ ಹೆಣ್ಣುಮಗಳ ಸಾಲನ್ನು ನೋಡುತ್ತಾ ಕೂರಬೇಡಿ, ತವರಿನ ಮನೆ ನಂಬರಿನಲ್ಲಿ ಉಳಿದವರನ್ನು ನೋಡಿ.

ಹೊಸ ಸಾಲುಗಳಲ್ಲಿ ಜನ್ಮದಿನಾಂಕ ಸಿಕ್ಕಾಗ ಅದನ್ನೇ ಕೀ ಮಾಡೋಣ ಅಂತಲೂ ಒಮ್ಮೆ ನೋಡಿದೆ. ರಾಶಿ ರಾಶಿ ಜನ ಜೂನ್ 1ಕ್ಕೆ ಹುಟ್ಟಿದವರು! ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಕು ಅದು. ಜೂನ್ 1ಕ್ಕೆ ತೂಕ ಸೊನ್ನೆ ಮಾಡಿ, ಉಳಿದ ತಾರೀಕಿಗೆ ತೂಕ ಕೊಟ್ಟೆ. ವಯಸ್ಸೂ ಹಾಗೇ. ಹಳ್ಳಿ ಪಟ್ಟಿಗಳಲ್ಲಿ 35, 40, 45, 60 ತುಂಬಿ ತುಳುಕುತ್ತವೆ, 43 ಅಪರೂಪ. 43 ಮತ್ತು 43 ಸೇರಿದರೆ ನಂಬಬಹುದು. 40 ಮತ್ತು 40 ಸೇರಿದರೆ ಏನೂ ಹೇಳಿದ ಹಾಗಾಗಲಿಲ್ಲ.

ನಾನು ಮರೆಯದ ತಪ್ಪು ಒಂದಿದೆ. ಕೋಲಾರದ ಕಡೆಯ ಒಂದು ತಾಲ್ಲೂಕಿನಲ್ಲಿ ಪರೀಕ್ಷೆ ಮಾಡಿದಾಗ ದೊಡ್ಡ, ಚಿಕ್ಕ ಅನ್ನುವ ಪದಗಳನ್ನು ಹೆಸರಿನ ಮುಂದಿನ ಬಿರುದು ಅಂದುಕೊಂಡು ಕೀಯಿಂದ ತೆಗೆದಿದ್ದೆ. ದೊಡ್ಡಮುನಿಯಪ್ಪ, ಚಿಕ್ಕಮುನಿಯಪ್ಪ ಅಣ್ಣತಮ್ಮಂದಿರು. ಇಬ್ಬರ ಮಕ್ಕಳೂ ವೆಂಕಟೇಶ. ವಯಸ್ಸು ಒಂದೇ, ಮನೆಯೂ ಒಂದೇ. ಯಂತ್ರ ಇಬ್ಬರನ್ನೂ ಒಬ್ಬರು ಅಂತ ತೋರಿಸಿತು, ಕಚೇರಿಯಲ್ಲಿ ಒಂದು ಹೆಸರು ಹೊಡೆದು ಹಾಕಲು ಗುರುತು ಹಾಕಿದರು. ಪಟ್ಟಿ ನೋಡಲು ಬಂದ ಹುಡುಗ ನನ್ನೆದುರೇ ನಿಂತು ಕೇಳಿದ, "ಸಾರ್, ಅವನು ನಮ್ಮ ದೊಡ್ಡಪ್ಪನ ಮಗ. ನಾನು ಯಾರು ಹಾಗಾದ್ರೆ?" ನನಗೆ ಉತ್ತರ ಹೊಳೆಯಲಿಲ್ಲ. ಗುರುತು ಅವತ್ತೇ ಅಳಿಸಿದರು, ಅವನ ಹೆಸರು ಉಳಿಯಿತು.

ಅವತ್ತು ರಾತ್ರಿ ಬಸ್ಸಿನಲ್ಲೇ ತೀರ್ಮಾನ ಮಾಡಿದೆ, ನಮ್ಮ ಪ್ರೋಗ್ರಾಮಿನಲ್ಲಿ ಅಳಿಸುವ ಬಟನ್ನೇ ಇರಬಾರದು. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 17 ಮತ್ತು 18ನೇ ಕಲಮುಗಳು ಒಬ್ಬರ ಹೆಸರು ಎರಡು ಕಡೆ ಇರಬಾರದು ಅನ್ನುತ್ತವೆ, ಸರಿ. ಆದರೆ ಊರು ಬಿಟ್ಟಿದ್ದಾರೆ ಅಂತ ಹೆಸರು ತೆಗೆಯುವ ಮೊದಲು ಅವರ ಮಾತು ಕೇಳಬೇಕು ಅಂತ ಅದೇ ಕಾಯ್ದೆಯ 22ನೇ ಕಲಂ ಹೇಳುತ್ತೆ. ಯಂತ್ರ ಎರಡು ಸಾಲನ್ನು ಅಕ್ಕಪಕ್ಕ ಇಟ್ಟು ತೋರಿಸುತ್ತೆ, ಯಾಕೆ ಅನುಮಾನ ಅಂತ ಕನ್ನಡದಲ್ಲಿ ಒಂದು ಸಾಲು ಬರೆಯುತ್ತೆ, ಅಷ್ಟೇ. ಆಮೇಲಿನದು ಮನೆ ಬಾಗಿಲಿಗೆ ಹೋಗುವವರ ಕೆಲಸ. ಗುತ್ತಿಗೆದಾರರಿಗೆ ಇದು ಇಷ್ಟವಾಗಲಿಲ್ಲ. ಎಷ್ಟು ಹೆಸರು ತೆಗೆದೆವು ಅಂತ ಅಂಕಿ ತೋರಿಸಬೇಕು ಅವರಿಗೆ. ನಾನು ಬಗ್ಗಲಿಲ್ಲ, ಒಂದು ಬಿಲ್ಲು ಅದಕ್ಕೇ ನಿಂತಿತು.

2008ರ ಚುನಾವಣೆ ಹೊಸ ಕ್ಷೇತ್ರ ವಿಂಗಡಣೆಯ ಪ್ರಕಾರ ನಡೆಯಿತು. ನಾವು ಅಲ್ಲಿಯವರೆಗೆ ಕ್ಷೇತ್ರ, ಭಾಗ (ಒಂದು ಮತಗಟ್ಟೆಯ ಪಟ್ಟಿ), ಕ್ರಮಸಂಖ್ಯೆ ಮೂರನ್ನೂ ಸೇರಿಸಿ ಸಾಲಿನ ಗುರುತು ಮಾಡಿಕೊಂಡಿದ್ದೆವು. ಉತ್ತರಹಳ್ಳಿಯಂಥ ದೊಡ್ಡ ಕ್ಷೇತ್ರ ಒಡೆದು ಚೂರಾಯಿತು, ಭಾಗದ ನಂಬರುಗಳೆಲ್ಲ ಬದಲಾದವು. ಹಿಂದಿನ ಪರಿಶೀಲನೆಯ ಫಲ ಯಾರಿಗೆ ಸೇರಿದ್ದು ಅಂತ ಹುಡುಕುವುದಕ್ಕೇ ನಾಲ್ಕು ತಿಂಗಳು ಹೋಯಿತು. ನೀವು ಮಾಡುವುದಾದರೆ ಮೊದಲ ದಿನವೇ ಪ್ರತಿ ಸಾಲಿಗೂ ಅರ್ಥವಿಲ್ಲದ, ಎಂದೂ ಬದಲಾಗದ ಒಂದು ನಂಬರು ಕೊಡಿ. ಬೆಂಗಳೂರಿನ ಮನೆ ನಂಬರನ್ನಂತೂ ನಂಬಲೇಬೇಡಿ. ಹಳೇ ನಂಬರು 14, ಹೊಸದು 27, ಮಧ್ಯೆ ಒಂದು ಬೈ 2, ಮಹಡಿ ಕಟ್ಟಿದ ಮೇಲೆ 27/1.

ಕೊನೆಗೆ ಓಡಿಸಿದ ಪಟ್ಟಿಯಲ್ಲಿ ಮೇಲಿನ ದರ್ಜೆಯ ಜೋಡಿಗಳನ್ನು ಬಿಎಲ್‌ಒಗಳು (ಬೂತ್ ಮಟ್ಟದ ಅಧಿಕಾರಿಗಳು) ಮನೆಗೆ ಹೋಗಿ ನೋಡಿದಾಗ 100ಕ್ಕೆ 90ರಷ್ಟು ನಿಜವಾಗಿತ್ತು. ಹಾಸನ, ಮಂಡ್ಯ, ತುಮಕೂರಿನಲ್ಲಿ ಊರಿನ ವೋಟು, ಬೆಂಗಳೂರಿನಲ್ಲಿ ಬಾಡಿಗೆ ಮನೆಯ ವೋಟು, ಇಂಥವೇ ಜಾಸ್ತಿ. ಅವರಲ್ಲಿ ಹೆಚ್ಚಿನವರಿಗೆ ಎರಡು ಕಡೆ ಇರುವುದೇ ಗೊತ್ತಿರಲಿಲ್ಲ. ಕೇಳಿದಾಗ ತುಂಬ ಜನ ಊರಿನದ್ದನ್ನೇ ಇಟ್ಟುಕೊಂಡರು. ಆಗಲ್ಲ ಅಂದಿದ್ದ ಒಬ್ಬ ಹಿರಿಯರು ಫೋನ್ ಮಾಡಿ ಕೀ ಹೇಗೆ ಮಾಡಿದಿರಿ ಅಂತ ಕೇಳಿದರು. ಅವರಿಗೂ ಇಲ್ಲಿ ಬರೆದಷ್ಟೇ ಹೇಳಿದ್ದು.

ಈಗ ಇಆರ್‌ಒ ನೆಟ್ (ಚುನಾವಣಾ ಆಯೋಗದ ವೋಟರ್ ಲಿಸ್ಟಿನ ಕಂಪ್ಯೂಟರ್ ವ್ಯವಸ್ಥೆ) ಇದೆ, ಫೋಟೊ ಹೋಲಿಸುವುದೂ ಬಂದಿದೆ. ನಮ್ಮ ಕೋಷ್ಟಕವನ್ನು ಈಗ ಸಹಕಾರ ಸಂಘಗಳ ಮತದಾರರ ಪಟ್ಟಿಗೆ ಬಳಸುತ್ತಿದ್ದೇವೆ. ಅಲ್ಲಿ ಫೋಟೊ ಇರುವುದಿಲ್ಲ, ಹೆಸರೇ ಗತಿ. ಪಾವಗಡ, ಬಳ್ಳಾರಿ ಕಡೆಯ ತೆಲುಗು ಹೆಸರುಗಳು ಮಾತ್ರ ಇನ್ನೂ ಸರಿಹೋಗಿಲ್ಲ. ಒಂದು ಪಟ್ಟಿಯಲ್ಲಿ ಆಂಜನೇಯುಲು, ಇನ್ನೊಂದರಲ್ಲಿ ಆಂಜನೇಯ. ಕೊನೆಯ ಲು ಕತ್ತರಿಸಿದರೆ ಸೇರಬಾರದವರು ಸೇರುತ್ತಾರೆ, ಬಿಟ್ಟರೆ ಇವರು ಸೇರುವುದಿಲ್ಲ. ಪಾವಗಡದ ಮೇಷ್ಟ್ರೊಬ್ಬರು ಅಲ್ಲಿನ ಹೆಸರುಗಳ ಪಟ್ಟಿ ಬರೆದು ಕಳಿಸುತ್ತೇನೆ ಅಂದಿದ್ದಾರೆ. ಬಂದ ಮೇಲೆ ಮತ್ತೆ ಓಡಿಸಿ ನೋಡಬೇಕು.