ಗುಟ್ಟಿನ ಖಾತೆ: ಥ್ರಿಲ್ಲರ್ ಕಾದಂಬರಿಯನ್ನೂ ಅದರ ಸಿನಿಮಾವನ್ನೂ ನಾನು ಹೋಲಿಸಿದ ಬಗೆ

ಕಥೆಯ ಗುಟ್ಟುಗಳು ಎಲ್ಲೆಲ್ಲಿ ರಟ್ಟಾಗುತ್ತವೆ ಅಂತ ಬರೆದಿಡುವ ಖಾತೆಯೊಂದು ನನ್ನ ಹತ್ತಿರ ಇದೆ. ಗೆಳೆಯನಿಗೆ ಸಿನಿಮಾ ಎಲ್ಲೆಲ್ಲಿ ಬೇಜಾರಾಯಿತು ಅನ್ನುವುದರಲ್ಲಿ, ಒಂಬತ್ತರಲ್ಲಿ ಏಳು ಕಡೆ ಅದರ ಲೆಕ್ಕ ಸರಿಹೋಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆರು ಕಡೆ ಆಗಿದ್ದರೂ ಬರೆಯುತ್ತಿದ್ದೆ ಅನ್ನಿ.

ನಾವು ನಾಲ್ಕೈದು ಜನ ಗೆಳೆಯರು ಥ್ರಿಲ್ಲರ್ ಓದಿ, ಆಮೇಲೆ ಅದರ ಸಿನಿಮಾ ನೋಡಿ ಜಗಳ ಆಡುವುದು ಬಹಳ ವರ್ಷದ ಅಭ್ಯಾಸ. ಜಗಳ ಯಾವಾಗಲೂ ಒಂದೇ. ಒಬ್ಬ ಪುಸ್ತಕ ಚೆನ್ನಾಗಿತ್ತು ಅನ್ನುತ್ತಾನೆ, ಇನ್ನೊಬ್ಬ ಎರಡನ್ನೂ ಹೋಲಿಸಲೇಬಾರದು ಅನ್ನುತ್ತಾನೆ, ಮೂರನೆಯವನು ಹೊತ್ತಾಯಿತು ಅಂತ ಎದ್ದು ಹೋಗುತ್ತಾನೆ. ಹೋಲಿಸುವುದಾದರೆ ಏನನ್ನು ಹೋಲಿಸಬೇಕು ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಸುಮಾರು ನಾಲ್ಕು ವರ್ಷ ಹಿಡಿಯಿತು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಬಿಟ್ಟುಹೋದ ಸೀನುಗಳ ಪಟ್ಟಿ. 'ದ ಗರ್ಲ್ ಆನ್ ದ ಟ್ರೈನ್' ಹಿಡಿದು ಕೂತೆ. 2015ರ ಕಾದಂಬರಿ, 2016ರ ಸಿನಿಮಾ. ಪಟ್ಟಿ ಇನ್ನೂರು ಸಾಲು ದಾಟಿತು. ಮೇಲಿನ ಸಾಲಿನಲ್ಲೇ ದೊಡ್ಡದಾಗಿ ಬರೆದಿದ್ದೆ: ಲಂಡನ್ ಹೋಗಿ ನ್ಯೂಯಾರ್ಕ್ ಬಂತು. ಆಗ ಎಲ್ಲರೂ ಇದನ್ನೇ ಹಿಡಿದು ಕೂಗಾಡಿದ್ದರು ಅಲ್ವಾ? ಆದರೆ ಎರಡನೇ ಸಲ ನೋಡುವಾಗ ಗೊತ್ತಾಯಿತು, ಊರು ಬದಲಾದದ್ದರಿಂದ ನನ್ನ ಎದೆಬಡಿತ ಏನೂ ಬದಲಾಗಿಲ್ಲ. ನನಗೆ ನಿಜವಾಗಿ ಕಾಡಿದ್ದು ಬೇರೆ. ಕಾದಂಬರಿಯಲ್ಲಿ ಕಥೆ ಹೇಳುವ ಹೆಂಗಸರಲ್ಲಿ ರೇಚಲ್‌ಳ ಕಥೆ 2013ರ ಜುಲೈನಲ್ಲಿ ಶುರುವಾಗುತ್ತದೆ, ಮೇಗನ್‌ಳದ್ದು 2012ರ ಮೇ ತಿಂಗಳಲ್ಲಿ. ತಾರೀಖು ಪುಟದ ಮೇಲೆಯೇ ಇರುತ್ತದೆ. ಅನುಮಾನ ಬಂದಾಗೆಲ್ಲ ಬೆರಳಿಟ್ಟು ಹಿಂದಿನ ಪುಟ ತಿರುಗಿಸಿ ಹೊಂದಿಸಿಕೊಳ್ಳುತ್ತೇನೆ. ಸಿನಿಮಾ ನೋಡುವವನಿಗೆ ಆ ಬೆರಳು ಇಲ್ಲ. ಇನ್ನೂರು ಸಾಲಿನ ಪಟ್ಟಿಯಲ್ಲಿ ಇದು ಒಂದು ಸಾಲಾಗಿಯೂ ಇರಲಿಲ್ಲ! ಪಟ್ಟಿಯನ್ನು ಹರಿದು ಹಾಕಿದೆ.

ಆಮೇಲೆ ಇನ್ನೊಂದು ಹುಚ್ಚು. ಒಂದಷ್ಟು ಅಧ್ಯಾಯ ಓದು, ಅಷ್ಟೇ ಭಾಗ ಸಿನಿಮಾ ನೋಡು, ಮತ್ತೆ ಓದು. ಇದನ್ನು ದಯವಿಟ್ಟು ಯಾರೂ ಮಾಡಬೇಡಿ. ಎರಡೂ ಸಾಯುತ್ತವೆ. ಪುಸ್ತಕ ಸಿನಿಮಾಕ್ಕೆ ಬರೆದ ಟಿಪ್ಪಣಿಯ ಹಾಗೆ ಕಾಣುತ್ತದೆ, ಸಿನಿಮಾ ಪುಸ್ತಕಕ್ಕೆ ಬಿಡಿಸಿದ ಚಿತ್ರಗಳ ಹಾಗೆ. ಒಂದು ವಾರಾಂತ್ಯ ಪೂರ್ತಿ ಹಾಳಾಯಿತು, ಜೊತೆಗೆ ಒಂದು ಒಳ್ಳೆಯ ಕಾದಂಬರಿಯೂ.

ದುಡ್ಡಿನ ವಿಷಯಕ್ಕೆ ಬರೋಣ. ಒಂದೇ ಕಾದಂಬರಿಯನ್ನು ಮೂರು ಸಲ ಕೊಂಡಿದ್ದೇನೆ. ಮೊದಲು ಸಾದಾ ಪೇಪರ್‌ಬ್ಯಾಕ್. ಪುಟದ ಲೆಕ್ಕ ಸುಲಭವಾಗಲಿ ಅಂತ ಇ-ಬುಕ್. ಕೊನೆಗೆ ಸಿನಿಮಾ ಪೋಸ್ಟರನ್ನೇ ಮುಖಪುಟ ಮಾಡಿದ ಆವೃತ್ತಿ. ಒಳಗೆ ಏನೋ ಹೊಸದು ಇರುತ್ತದೆ ಅಂದುಕೊಂಡಿದ್ದೆ, ಸಣ್ಣ ಅಕ್ಷರ ಬಿಟ್ಟರೆ ಏನೂ ಇರಲಿಲ್ಲ. ಸಿನಿಮಾದ ಡಿಸ್ಕ್ ಬೇರೆ. ಒಂದೇ ಒಂದು ಸಿನಿಮಾಕ್ಕೆ ಅಂತ ತೆಗೆದುಕೊಂಡ ಸ್ಟ್ರೀಮಿಂಗ್ ಚಂದಾ ನಿಲ್ಲಿಸಲು ಮರೆತು ನಾಲ್ಕೋ ಐದೋ ತಿಂಗಳು ಸುಮ್ನೆ ಕಟ್ಟಿದೆ. ಒಟ್ಟು ಸೇರಿಸಿದರೆ ಒಂದು ಹೋಲಿಕೆಗೆ ಹನ್ನೊಂದು ಹನ್ನೆರಡು ಪುಸ್ತಕದ ದುಡ್ಡು ಹೋಗಿತ್ತು. ಈಗ ಹೋಗುವುದು ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಒಂದು ಸಲದ ಬಾಡಿಗೆ ಅಷ್ಟೇ. ಪುಸ್ತಕ ಎರವಲು.

ಆ ಇ-ಬುಕ್ ನನ್ನನ್ನು ಎರಡು ತಿಂಗಳು ದಾರಿ ತಪ್ಪಿಸಿತು. ಕೆಳಗೆ ನೂರಕ್ಕೆ ಇಷ್ಟು ಓದಿದ್ದೀರಿ ಅಂತ ತೋರಿಸುತ್ತದೆ ನೋಡಿ, ಯಾವ ಗುಟ್ಟು ಎಲ್ಲಿ ರಟ್ಟಾಯಿತು ಅಂತ ಅದನ್ನೇ ನಂಬಿ ಬರೆದುಕೊಂಡೆ. ಕಥೆ ಮುಗಿದಾಗ 93 ಅಂತ ತೋರಿಸುತ್ತಿತ್ತು. ಉಳಿದ ಏಳು? ಅದೇ ಲೇಖಕರ ಮತ್ತೊಂದು ಕಾದಂಬರಿಯ ಮೊದಲ ಅಧ್ಯಾಯ, ಕೃತಜ್ಞತೆ, ಜಾಹೀರಾತು. ಸಿನಿಮಾದ ಕಡೆಯೂ ಅದೇ ಕಥೆ, ಕೊನೆಯಲ್ಲಿ ಹೆಸರುಗಳು ಹರಿಯುವ ನಿಮಿಷಗಳನ್ನು ಕಳೆಯದೆ ಲೆಕ್ಕ ಹಾಕಿದ್ದೆ. ಎರಡೂ ತಪ್ಪು ಸೇರಿ ಎಲ್ಲ ಸಾಲೂ ಓರೆ.

ಡಿಸ್ಕ್ ಇನ್ನೊಂದು ಆಟ ಆಡಿಸಿತು. ನನ್ನ ನಿಮಿಷಕ್ಕೂ ಗೆಳೆಯನ ನಿಮಿಷಕ್ಕೂ ತಾಳೆಯೇ ಆಗುತ್ತಿರಲಿಲ್ಲ. ನಾನು ನಿದ್ದೆಗಣ್ಣಲ್ಲಿ ಬರೆದಿದ್ದೇನೆ ಅಂತ ಅವನು, ಅವನಿಗೆ ಗಡಿಯಾರ ನೋಡಲು ಬರಲ್ಲ ಅಂತ ನಾನು. ಆಮೇಲೆ ಗೊತ್ತಾಯಿತು, ಅವನದ್ದು ಪಾಲ್ ಡಿವಿಡಿ, ಅಂದರೆ ನಮ್ಮಲ್ಲೂ ಯುರೋಪಿನಲ್ಲೂ ಇದ್ದ ಟಿವಿ ಪದ್ಧತಿಗೆ ಮಾಡಿದ್ದು. ಸೆಕೆಂಡಿಗೆ 24 ಫ್ರೇಮಿನ ಸಿನಿಮಾವನ್ನು ಅದರಲ್ಲಿ 25ಕ್ಕೆ ಓಡಿಸುತ್ತಾರೆ. 149 ನಿಮಿಷದ ಸಿನಿಮಾ 143ಕ್ಕೇ ಮುಗಿದುಬಿಡುತ್ತದೆ. ಅಂದಿನಿಂದ ನಿಮಿಷ ಬರೆಯುವುದನ್ನೇ ಬಿಟ್ಟೆ. ಕಥೆಯ ಮೊದಲ ಸಾಲಿಂದ ಕೊನೆಯ ಸಾಲಿಗೆ ನೂರು, ಮೊದಲ ದೃಶ್ಯದಿಂದ ಕೊನೆಯ ದೃಶ್ಯಕ್ಕೆ ನೂರು. ಇವೆರಡೇ.

ಇದೇ ಗುಟ್ಟಿನ ಖಾತೆ. ಒಂದು ಸಾಲಿಗೆ ಒಂದು ಗುಟ್ಟು. ಪಕ್ಕದಲ್ಲಿ ಅದು ಪುಸ್ತಕದಲ್ಲಿ ನೂರಕ್ಕೆ ಎಷ್ಟರಲ್ಲಿ ರಟ್ಟಾಯಿತು, ಸಿನಿಮಾದಲ್ಲಿ ಎಷ್ಟರಲ್ಲಿ. ಮೂರನೇ ಮನೆಯಲ್ಲಿ ಮೊದಲು ಯಾರಿಗೆ ಗೊತ್ತಾಯಿತು ಅನ್ನುವುದು, ನಮಗೋ ಪಾತ್ರಕ್ಕೋ. ಮೇಜಿನ ಕೆಳಗೆ ಬಾಂಬ್ ಇರುವುದು ಪಾತ್ರಗಳಿಗೆ ಗೊತ್ತಿಲ್ಲದೆ ನಮಗೆ ಮಾತ್ರ ಗೊತ್ತಿದ್ದರೆ ಎದೆ ಹೊಡೆದುಕೊಳ್ಳುತ್ತದೆ ಅನ್ನುವ ನಿರ್ದೇಶಕ ಹಿಚ್‌ಕಾಕ್‌ರ ಮಾತಿದೆಯಲ್ಲ, ಅದೇ ಲೆಕ್ಕ. ಯಾವುದು ಗುಟ್ಟು, ಯಾವುದು ಬರೀ ಮಾಹಿತಿ ಅಂತ ನಾನು ಹೇಗೆ ಬೇರೆ ಮಾಡುತ್ತೇನೆ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ನಾಲ್ಕನೇ ಮನೆಯೂ ಒಂದಿದೆ. ಅದರ ಬಗ್ಗೆ ಕೇಳಬೇಡಿ.

ಸರಿಯಾಗಿ ಕೂತದ್ದು 'ಗಾನ್ ಗರ್ಲ್'ನಲ್ಲಿ. (ಓದದವರು ಎರಡು ಪ್ಯಾರಾ ಹಾರಿಸಿ.) 2012ರ ಕಾದಂಬರಿ, 2014ರಲ್ಲಿ ಡೇವಿಡ್ ಫಿಂಚರ್ ಸಿನಿಮಾ ಮಾಡಿದರು. ಚಿತ್ರಕಥೆ ಕಾದಂಬರಿ ಬರೆದ ಗಿಲಿಯನ್ ಫ್ಲಿನ್ ಅವರದ್ದೇ. ಹಾಗಾಗಿ "ಸಿನಿಮಾದವರು ಕೆಡಿಸಿದರು" ಅನ್ನುವ ಹಳೇ ರಾಗ ಇಲ್ಲಿ ನಡೆಯಲ್ಲ. ಕಾಣೆಯಾದ ಹೆಂಡತಿ ಆಮಿ ಬದುಕಿದ್ದಾಳೆ ಅನ್ನುವ ಸಾಲು ಪುಸ್ತಕದಲ್ಲಿ 50 ದಾಟಿ ಎರಡನೇ ಭಾಗ ಶುರುವಾದಾಗ ಬರುತ್ತದೆ. ಸಿನಿಮಾದಲ್ಲಿ ನನ್ನ ಲೆಕ್ಕಕ್ಕೆ 45ರ ಆಸುಪಾಸು. ಐದಾರು ಅಂಕಿ ಮುಂಚೆ, ದೊಡ್ಡದೇನಲ್ಲ. ದೊಡ್ಡದು ಅವಳ ಗಂಡ ನಿಕ್‌ನ ಕಡೆ ಇದೆ. ಪುಸ್ತಕದಲ್ಲಿ ಕಥೆ ಹೇಳುವ ಇಬ್ಬರಲ್ಲಿ ಅವನೂ ಒಬ್ಬ, ಇನ್ನೊಬ್ಬಳು ಆಮಿ. ಪೊಲೀಸರಿಗೆ ಹೇಳಿದ ಸುಳ್ಳನ್ನು ಇದು ಐದನೆಯದು ಅಂತ ನಮಗೇ ಎಣಿಸಿ ಹೇಳುತ್ತಾನೆ. ಹಾಗೆ ಎಣಿಸುತ್ತಲೇ ತನಗೊಬ್ಬಳು ಪ್ರೇಯಸಿ ಇದ್ದಾಳೆ ಅನ್ನುವುದನ್ನು ಬಹಳ ಹೊತ್ತು ನಮ್ಮಿಂದಲೇ ಮುಚ್ಚಿಡುತ್ತಾನೆ. ಅದು ರಟ್ಟಾದಾಗ ಸಿಟ್ಟು ಬರುವುದು ಅವನು ಹೆಂಡತಿಗೆ ಮೋಸ ಮಾಡಿದ್ದಕ್ಕಲ್ಲ, ನನಗೆ ಮಾಡಿದ್ದಕ್ಕೆ. ಸಿನಿಮಾದಲ್ಲಿ ಅವನನ್ನು ಹೊರಗಿಂದ ನೋಡುತ್ತೇವೆ. ಅವನು ನನಗೆ ಏನೂ ಮಾತು ಕೊಟ್ಟಿಲ್ಲ, ಹಾಗಾಗಿ ಮೋಸವೂ ಇಲ್ಲ. ಗುಟ್ಟು ಒಂದೇ. ಆದರೆ ಮೂರನೇ ಮನೆಯಲ್ಲಿ ಬರೆದದ್ದು ಬೇರೆ.

ಇಷ್ಟು ಹೇಳಿದಾಗಲೂ ಗೆಳೆಯ ನಕ್ಕ. "ಏನೋ ಇದು, ಸಿನಿಮಾ ನೋಡ್ತೀಯೋ ಜಮಾಖರ್ಚು ಬರೀತೀಯೋ?" ಅಂದ. ಅವನಿಗೆ ಸಿನಿಮಾದ ಎರಡನೇ ಅರ್ಧ ಜೋತುಬಿದ್ದ ಹಾಗಿತ್ತಂತೆ. ಸರಿ, ಇನ್ನೊಂದು ಸಲ ನೋಡು, ಎಲ್ಲೆಲ್ಲಿ ಕೈ ಫೋನಿನ ಕಡೆ ಹೋಗುತ್ತದೋ ಅಲ್ಲಿ ಒಂದು ಗೀಟು ಹಾಕು ಅಂದೆ. ನನ್ನ ಖಾತೆಯನ್ನು ತೋರಿಸಲಿಲ್ಲ. ಒಂಬತ್ತು ಗೀಟು ಹಾಕಿದ. ಏಳು ನನ್ನ ಖಾತೆಯಲ್ಲಿ ಖಾಲಿ ಇದ್ದ ಜಾಗದಲ್ಲೇ ಬಿದ್ದಿದ್ದವು. ಅಂದರೆ ಹನ್ನೆರಡು ಹದಿಮೂರು ನಿಮಿಷ ಹೊಸ ಗುಟ್ಟೂ ಇಲ್ಲ, ಹಳೆಯದು ರಟ್ಟಾಗುವುದೂ ಇಲ್ಲ, ಅಂಥ ಕಡೆ. ಉಳಿದ ಎರಡರಲ್ಲಿ ಒಂದಕ್ಕೆ ನಿಜವಾಗಿಯೂ ಫೋನ್ ಬಂದಿತ್ತಂತೆ. ಅವನ ಮುಖ ನೋಡಬೇಕಿತ್ತು. ಪುಸ್ತಕದ ಅದೇ ಭಾಗದಲ್ಲೂ ಗುಟ್ಟು ಖಾಲಿಯೇ, ಆದರೆ ಅಲ್ಲಿ ಆಮಿಯ ದನಿ ಇದೆ, ಬೇಜಾರಾಗಲು ಬಿಡುವುದಿಲ್ಲ.

ಗೆದ್ದ ಮೇಲೆ ಸುಮ್ಮನಿರಲಾಗದೆ ಹಳೆಯದಕ್ಕೆಲ್ಲ ಕೈ ಹಾಕಿದೆ. 'ಸೈಕೋ' ಮಜಾ ಕೊಟ್ಟಿತು. 1959ರ ಕಾದಂಬರಿ ಶುರುವಾಗುವುದೇ ಮೋಟೆಲ್ ನಡೆಸುವ ನಾರ್ಮನ್‌ನಿಂದ, ಸ್ನಾನದ ಮನೆಯ ಕೊಲೆ ಮೂರನೇ ಅಧ್ಯಾಯದಲ್ಲೇ ಆಗಿಹೋಗುತ್ತದೆ. 1960ರ ಸಿನಿಮಾದಲ್ಲಿ ಹಿಚ್‌ಕಾಕ್ ಕೊಲೆಯಾಗುವ ಆ ಹುಡುಗಿಯ ಹಿಂದೆಯೇ ನಮ್ಮನ್ನು ಮುಕ್ಕಾಲು ಗಂಟೆ ಓಡಿಸುತ್ತಾರೆ. ಸಿನಿಮಾ ಇರುವುದೇ 109 ನಿಮಿಷ. ಇವಳೇ ನಾಯಕಿ ಅಂತ ಪೂರ್ತಿ ನಂಬಿದ ಮೇಲೆ ಕೊಲ್ಲುತ್ತಾರೆ. ತಡವಾಗಿ ಬಂದವರನ್ನು ಆಗ ಚಿತ್ರಮಂದಿರದ ಒಳಗೆ ಬಿಡುತ್ತಿರಲಿಲ್ಲ ಅನ್ನುವುದು ಬರೀ ಪ್ರಚಾರ ಅಂದುಕೊಂಡಿದ್ದೆ. ಖಾತೆ ಬರೆದ ಮೇಲೆ ಅದು ಎಷ್ಟು ಬೇಕಿತ್ತು ಅಂತ ಅರ್ಥವಾಯಿತು.

'ಜಾಸ್' ಅನ್ನು ಇಬ್ಬರ ಮೇಲೆ ಪ್ರಯೋಗ ಮಾಡಿದೆ. ಒಬ್ಬನಿಗೆ 1974ರ ಪುಸ್ತಕ ಮೊದಲು, ಇನ್ನೊಬ್ಬನಿಗೆ 1975ರ ಸಿನಿಮಾ ಮೊದಲು. ಸಿನಿಮಾದಲ್ಲಿ ಶಾರ್ಕ್ ತಜ್ಞ ಹೂಪರ್ ಬದುಕುತ್ತಾನೆ, ಪುಸ್ತಕದಲ್ಲಿ ಸಾಯುತ್ತಾನೆ. ಸಿನಿಮಾ ನೋಡಿ ಬಂದವನು ಹೂಪರ್ ಪಂಜರದಲ್ಲಿ ನೀರಿಗಿಳಿಯುವ ಪುಟಗಳನ್ನು ಆರಾಮಾಗಿ ಓದುತ್ತಿದ್ದವನು ಒಮ್ಮೆಲೇ ಎದ್ದು ಕೂತ. ಮುಂಚೆಯೇ ಗೊತ್ತಿದ್ದರೆ ರುಚಿ ಕೆಡುತ್ತದೆ ಅನ್ನುತ್ತೇವೆ. ತಪ್ಪಾಗಿ ಗೊತ್ತಿದ್ದರೆ ರುಚಿ ಹೆಚ್ಚುತ್ತದೆ, ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ಖಾತೆ ಸೋತದ್ದೂ ಉಂಟು. ಯಂಡಮೂರಿ ವೀರೇಂದ್ರನಾಥರ ಕಾದಂಬರಿಯಿಂದ ಬಂದ 'ಬೆಳದಿಂಗಳ ಬಾಲೆ', 1995ರದ್ದು. ಇಡೀ ಕಥೆ ಫೋನಿನ ಒಂದು ಹೆಣ್ಣುದನಿಯ ಹಿಂದೆ ಓಡುತ್ತದೆ. ಗುಟ್ಟುಗಳನ್ನೆಲ್ಲ ಬರೆದೆ, ನೂರಕ್ಕೆ ಎಷ್ಟು ಅಂತಲೂ ಹಾಕಿದೆ, ಏನೂ ಸಿಗಲಿಲ್ಲ. ಓದುವಾಗ ಆ ದನಿ ನಾನೇ ಕೊಟ್ಟದ್ದು. ಸಿನಿಮಾದಲ್ಲಿ ಅದು ಬೇರೆಯವರ ದನಿ. ಎರಡರ ನಡುವಿನ ದೂರವನ್ನು ಯಾವ ಮನೆಯಲ್ಲಿ ಬರೆಯಲಿ? ಆ ಹಾಳೆ ಹಾಗೇ ಇದೆ.

ಮಾಡಿ ನೋಡುವವರಿಗೆ ಇನ್ನೆರಡು ಮಾತು. ಪುಸ್ತಕ ಮುಗಿದ ಮೇಲೆ ಸಿನಿಮಾಕ್ಕೆ ಮೂರು ವಾರವಾದರೂ ಬಿಡಿ. ಮೊದಲ ಸಲ ನೋಡುವಾಗ ನೋಟ್‌ಬುಕ್ ಬೇರೆ ಕೋಣೆಯಲ್ಲಿರಲಿ. ನಾನು ಒಂದು ಸಲ ಕೈಯಲ್ಲಿ ಹಿಡಿದೇ ನೋಡಿ, ಮುಖ್ಯ ಟ್ವಿಸ್ಟ್ ಬರುವಾಗ ಪೆನ್ಸಿಲ್ ಚೂಪು ಮಾಡುತ್ತಾ ಕೂತಿದ್ದೆ.

ಈಗ 'ದ ಡೇ ಆಫ್ ದ ಜಾಕಲ್' ಹಿಡಿದಿದ್ದೇನೆ. 1971ರ ಪುಸ್ತಕ, 1973ರ ಸಿನಿಮಾ. ಕಥೆಯ ಬಾಡಿಗೆ ಹಂತಕನ ಗುರಿ ಫ್ರಾನ್ಸಿನ ಅಧ್ಯಕ್ಷ ಡಿಗಾಲ್. ಅವರು 1970ರಲ್ಲಿ ಮನೆಯಲ್ಲೇ ತೀರಿಕೊಂಡವರು, ಗುಂಡೇಟಿನಿಂದಲ್ಲ. ಅಂದರೆ ಎಲ್ಲಕ್ಕಿಂತ ದೊಡ್ಡ ಗುಟ್ಟು ಪುಸ್ತಕ ತೆರೆಯುವ ಮೊದಲೇ ರಟ್ಟಾಗಿದೆ, ಆದರೂ ಬೆರಳುಗುರು ಕಚ್ಚಿಕೊಂಡೇ ಓದುತ್ತೇವೆ. ಆ ಸಾಲನ್ನು ಬರೆಯಬೇಕೋ ಬೇಡವೋ ಅಂತ ಗೆಳೆಯನನ್ನೇ ಕೇಳಿದೆ. ಅವನೂ ಈಗ ಒಂದು ನೋಟ್‌ಬುಕ್ ಇಟ್ಟಿದ್ದಾನೆ, ಒಪ್ಪಿಕೊಳ್ಳಲ್ಲ ಅಷ್ಟೇ. ಅವನು ಆ ಸಾಲೇ ಬೇಡ ಅಂದ. ನಾನು ಎರಡೂ ಕಡೆ ಸೊನ್ನೆ ಬರೆದಿದ್ದೇನೆ. ಸದ್ಯಕ್ಕೆ ಪೆನ್ಸಿಲ್‌ನಲ್ಲಿ.